ಲಾಫ್ಕಾಡಿಯೊ ಹರ್ನ್: ಜಪಾನಿನಲ್ಲಿ ನೆಲೆ ಕಂಡ ಇಂಗ್ಲಿಷ್ ಅಧ್ಯಾಪಕ

ಗ್ರೀಕ್ ತಾಯಿ, ಐರಿಷ್ ತಂದೆಯ ಮಗನಾಗಿ 1850ರಲ್ಲಿ ಲೆಫ್ಕಾಡ ದ್ವೀಪದಲ್ಲಿ ಜನಿಸಿದ ಲಾಫ್ಕಾಡಿಯೊ ಹರ್ನ್ ಬಾಲ್ಯದಲ್ಲಿಯೇ ಹೆತ್ತವರಿಂದ ದೂರವಾದವನು. ಅಮೆರಿಕೆಯಲ್ಲಿ ಪತ್ರಕರ್ತನಾಗಿದ್ದ ಆತ 1890ರಲ್ಲಿ ಜಪಾನಿಗೆ ಬಂದು, ಮಾತ್ಸುಯೆ ಪಟ್ಟಣದಲ್ಲಿ ಇಂಗ್ಲಿಷ್ ಅಧ್ಯಾಪಕನಾದನು. ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವನ ಬಾಳಸಂಗಾತಿಯಾದಳು. ಹೆಂಡತಿ ಮಕ್ಕಳ ಹಕ್ಕುಗಳನ್ನು ಭದ್ರಪಡಿಸಲು 1896ರಲ್ಲಿ ಜಪಾನೀ ಪ್ರಜೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರು ತಳೆದನು. ಅದೇ ವರ್ಷ ದೊರೆತ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಹುದ್ದೆ 1903ರಲ್ಲಿ ಕೈತಪ್ಪಿತು; ಆ ಸ್ಥಾನಕ್ಕೆ ನತ್ಸುಮೆ ಸೊಸೆಕಿ ಬಂದನು. ಆದರೆ ಹುದ್ದೆಯೊಡನೆ ಅವನ ನೆಲೆ ಕಳಚಲಿಲ್ಲ. ಸೆತ್ಸು ಹೇಳುತ್ತಿದ್ದ ಹಳೆಯ ಕಥೆಗಳು ‘ಕ್ವೈದಾನ್’ ಕೃತಿಗೆ ಆಧಾರವಾದವು. ಅದು ಪ್ರಕಟವಾದ 1904ರಲ್ಲಿಯೇ ಹರ್ನ್ ನಿಧನನಾದನು. ಕಲಿಸಲು ಹೋದವನು ಮನೆಯೊಳಗೆ ಕಥೆ ಕೇಳುವ ಶಿಷ್ಯನಾದುದರಲ್ಲಿಯೇ ಅವನ ಜಪಾನೀ ಬದುಕಿನ ತಿರುಳಿದೆ.