ಐನ್‌ಸ್ಟೈನ್‌ಗೆ ಸೀಟು ಸಿಗದ ವರ್ಷ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ವಾಣಿಜ್ಯ ಓದುವವರು ವಿಜ್ಞಾನಿಯ ಬಗ್ಗೆ ಏಕೆ ಬರೆಯಬೇಕು ಎಂದು ಗೆಳೆಯರು ಕೇಳಿದರು. ಅದಕ್ಕೆ ಕಾರಣವಿದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಅಬ್ಬಾ ಅವರ ಅಂಗಡಿ ಮುಚ್ಚಿತು. ವರ್ಷದ ನಡುವೆ ಮನೆ ಬದಲಿಸಿದೆವು, ಶಾಲೆಯೂ ಬದಲಾಯಿತು. ನಮ್ಮ ಮನೆಮಾತು ಉರ್ದು, ಏಳನೇ ತರಗತಿಯವರೆಗೆ ಓದಿದ್ದೂ ಉರ್ದು ಮಾಧ್ಯಮದಲ್ಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡ ಪತ್ರಿಕೆಯಲ್ಲಿ ಫೇಲಾದೆ. ಮತ್ತೆ ಬರೆದು ಪಾಸಾಗುವಷ್ಟರಲ್ಲಿ ನಾನು ಸೇರಬೇಕೆಂದಿದ್ದ ಕಾಲೇಜಿನಲ್ಲಿ ಸೀಟುಗಳು ಮುಗಿದಿದ್ದವು.

ಆ ದಿನಗಳಲ್ಲಿ ನನ್ನ ಮಾಮು, ಐನ್‌ಸ್ಟೈನ್ ಕೂಡ ಗಣಿತದಲ್ಲಿ ಫೇಲಾಗಿದ್ದರೆಂದು ಹೇಳಿ ಸಮಾಧಾನ ಮಾಡಿದರು. ಕೇಳಿ ಸ್ವಲ್ಪ ಧೈರ್ಯ ಬಂತು. ಆಮೇಲೆ ಅವರ ಜೀವನವನ್ನು ಓದಿದಾಗ ಆ ಮಾತು ಸುಳ್ಳೆಂದು ಗೊತ್ತಾಯಿತು. ಆದರೆ ನಿಜವಾಗಿ ನಡೆದದ್ದು ಅದಕ್ಕಿಂತ ಹೆಚ್ಚು ಉಪಯೋಗದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಲ್ಬರ್ಟ್ ಐನ್‌ಸ್ಟೈನ್ ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್ ಎಂಬ ಊರಿನಲ್ಲಿ. ಮರುವರ್ಷವೇ ಕುಟುಂಬ ಮ್ಯೂನಿಕ್ ನಗರಕ್ಕೆ ಬಂತು. ಅವರು ಯಹೂದಿಗಳು. ತಂದೆ ಹರ್ಮನ್ ಮತ್ತು ಚಿಕ್ಕಪ್ಪ ಯಾಕೋಬ್ ಸೇರಿ ವಿದ್ಯುತ್ ಉಪಕರಣಗಳ ಕಾರ್ಖಾನೆ ನಡೆಸುತ್ತಿದ್ದರು. ಬಡ ವಿದ್ಯಾರ್ಥಿಯೊಬ್ಬನನ್ನು ವಾರಕ್ಕೊಮ್ಮೆ ಊಟಕ್ಕೆ ಕರೆಯುವ ಪದ್ಧತಿ ಆ ಮನೆಯಲ್ಲಿತ್ತು. ಹಾಗೆ ಬರುತ್ತಿದ್ದ ಮ್ಯಾಕ್ಸ್ ತಾಲ್ಮುಡ್ ಎಂಬ ವೈದ್ಯಕೀಯ ವಿದ್ಯಾರ್ಥಿ ಆಲ್ಬರ್ಟ್‌ಗೆ ವಿಜ್ಞಾನ ಮತ್ತು ಗಣಿತದ ಪುಸ್ತಕಗಳನ್ನು ತಂದುಕೊಡುತ್ತಿದ್ದ. ಹುಡುಗ ಗಣಿತದಲ್ಲಿ ಎಷ್ಟು ಬೇಗ ಮುಂದೆ ಹೋದನೆಂದರೆ, ಸ್ವಲ್ಪ ದಿನಗಳಲ್ಲೇ ತಾಲ್ಮುಡ್‌ಗೆ ಅವನ ಜೊತೆ ಹೆಜ್ಜೆ ಹಾಕಲು ಆಗಲಿಲ್ಲ. ಆದ್ದರಿಂದ ಗಣಿತದಲ್ಲಿ ಫೇಲಾದ ಪ್ರಶ್ನೆಯೇ ಇಲ್ಲ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಮ್ಯೂನಿಕ್ ನಗರದ ಬೀದಿದೀಪಗಳ ಗುತ್ತಿಗೆ ಅವರ ಕಾರ್ಖಾನೆಗೆ ಸಿಗದೆ ಬೇರೆ ದೊಡ್ಡ ಕಂಪನಿಗೆ ಹೋಯಿತು. ವ್ಯಾಪಾರ ಕುಸಿಯಿತು. 1894ರಲ್ಲಿ ಕುಟುಂಬ ಇಟಲಿಗೆ ಹೊರಟಿತು. ಹೈಸ್ಕೂಲು ಮುಗಿಸಲಿ ಎಂದು ಹದಿನೈದು ವರ್ಷದ ಆಲ್ಬರ್ಟ್‌ನನ್ನು ಮಾತ್ರ ಮ್ಯೂನಿಕ್‌ನಲ್ಲಿ ಬಿಟ್ಟರು. ಅಪ್ಪ, ಅಮ್ಮ, ತಂಗಿ ಮಾಯಾ ಎಲ್ಲರೂ ದೂರ. ಶಾಲೆಯಲ್ಲಿ ಸೈನ್ಯದಂಥ ಶಿಸ್ತು, ಬಾಯಿಪಾಠ. ಒಬ್ಬ ಶಿಕ್ಷಕರಂತೂ ಇವನಿಂದ ಮುಂದೆ ಏನೂ ಆಗದು ಎಂದಿದ್ದರಂತೆ. ವರ್ಷದ ಕೊನೆಯಲ್ಲಿ ಅವನು ವೈದ್ಯರ ಪತ್ರವೊಂದನ್ನು ಕೊಟ್ಟು, ಪರೀಕ್ಷೆ ಬರೆಯದೆ, ಶಾಲೆ ಬಿಟ್ಟು ಇಟಲಿಗೆ ಹೋಗಿಬಿಟ್ಟ. ಹೊರಡುವ ಮುಂಚೆ ತನ್ನ ಗಣಿತದ ಜ್ಞಾನ ಚೆನ್ನಾಗಿದೆ ಎಂದು ಗಣಿತ ಶಿಕ್ಷಕರಿಂದ ಬರೆಸಿಕೊಂಡಿದ್ದ. ಕೈಯಲ್ಲಿ ಹೈಸ್ಕೂಲು ಪಾಸಾದ ಪ್ರಮಾಣಪತ್ರ ಇರಲಿಲ್ಲ. ಅದಿಲ್ಲದೆ ಜರ್ಮನಿಯ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದಂತೆ.

ಒಂದು ದಾರಿ ಉಳಿದಿತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಾಲಿಟೆಕ್ನಿಕ್‌ನಲ್ಲಿ ಪ್ರಮಾಣಪತ್ರ ಇಲ್ಲದವರೂ ಪ್ರವೇಶ ಪರೀಕ್ಷೆ ಬರೆದು ಸೇರಬಹುದಿತ್ತು. ಅದಕ್ಕೆ ಹದಿನೆಂಟು ವರ್ಷ ತುಂಬಿರಬೇಕಿತ್ತು, ಆಲ್ಬರ್ಟ್‌ಗೆ ಆಗ ಹದಿನಾರೂವರೆ. ಕುಟುಂಬದ ಸ್ನೇಹಿತರೊಬ್ಬರು ನಿರ್ದೇಶಕ ಆಲ್ಬಿನ್ ಹೆರ್ತ್ಸೋಗ್ ಅವರಿಗೆ ಪತ್ರ ಬರೆದು ಕೇಳಿಕೊಂಡ ಮೇಲೆ ಪರೀಕ್ಷೆಗೆ ಅನುಮತಿ ಸಿಕ್ಕಿತು. 1895ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಗಣಿತ ಮತ್ತು ಭೌತಶಾಸ್ತ್ರದಲ್ಲಿ ತುಂಬಾ ಚೆನ್ನಾಗಿ ಮಾಡಿದ. ಆದರೆ ಫ್ರೆಂಚ್ ಭಾಷೆ ಮುಂತಾದ ವಿಷಯಗಳಿದ್ದ ಸಾಮಾನ್ಯ ವಿಭಾಗದಲ್ಲಿ ಸಾಕಷ್ಟು ಅಂಕ ಬರಲಿಲ್ಲ. ಒಟ್ಟಿನಲ್ಲಿ ಫೇಲು. ಸೀಟು ಸಿಗಲಿಲ್ಲ.

ಗಣಿತದಲ್ಲಿ ಪ್ರತಿಭಾವಂತ ಎಂದು ಗೊತ್ತಿದ್ದರೂ ಅವನಿಗಾಗಿ ನಿಯಮ ಬದಲಿಸಿ ಸೀಟು ಕೊಡಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಆದರೆ ಅಲ್ಲಿದ್ದವರು ಅವನನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ. ಭೌತಶಾಸ್ತ್ರದ ಪ್ರಾಧ್ಯಾಪಕ ಹೈನ್ರಿಶ್ ವೇಬರ್ ಅವರು, ಜ್ಯೂರಿಕ್‌ನಲ್ಲೇ ಇರುವುದಾದರೆ ತಮ್ಮ ತರಗತಿಗೆ ಬಂದು ಕೂರಬಹುದೆಂದರು. ಹೆರ್ತ್ಸೋಗ್ ಅವರ ಸಲಹೆ ಬೇರೆ ಇತ್ತು. ಆರಾವ್ ಎಂಬ ಊರಿನ ಶಾಲೆಯಲ್ಲಿ ಒಂದು ವರ್ಷ ಓದಿ, ಹೈಸ್ಕೂಲು ಪ್ರಮಾಣಪತ್ರ ಪಡೆದುಕೊಂಡು ಬಾ ಎಂಬುದು ಅದರ ಸಾರ. ಆಲ್ಬರ್ಟ್ ಎರಡನೆಯದನ್ನು ಒಪ್ಪಿಕೊಂಡ. ಕಾಲೇಜಿಗೆ ಬಂದಿದ್ದ ಹುಡುಗ ಮತ್ತೆ ಶಾಲೆಯ ಬೆಂಚಿಗೆ ಹೋದ. ನನಗೆ ಅವರ ಜೀವನದಲ್ಲಿ ಬಹಳ ಇಷ್ಟವಾದ ಭಾಗ ಇದು.

ಆರಾವ್ ಶಾಲೆ ಮ್ಯೂನಿಕ್ ಶಾಲೆಯಂತೆ ಇರಲಿಲ್ಲ. ಬಾಯಿಪಾಠಕ್ಕಿಂತ ನೋಡಿ, ಮಾಡಿ, ಯೋಚಿಸಿ ಕಲಿಯುವುದಕ್ಕೆ ಅಲ್ಲಿ ಬೆಲೆ ಇತ್ತು. ಆ ಶಾಲೆಯ ಶಿಕ್ಷಕ ಯೋಸ್ಟ್ ವಿಂಟೆಲರ್ ಅವರ ಮನೆಯಲ್ಲೇ ಅವನು ಉಳಿದುಕೊಂಡ. ಅವರಿಗೆ ಏಳು ಮಕ್ಕಳು. ಒಂಟಿಯಾಗಿದ್ದ ಹುಡುಗನಿಗೆ ಮತ್ತೊಂದು ಕುಟುಂಬ ಸಿಕ್ಕಿತು. ಬೆಳಕಿನ ಕಿರಣದ ಹಿಂದೆ ಬೆಳಕಿನಷ್ಟೇ ವೇಗವಾಗಿ ಓಡಿದರೆ ಏನು ಕಾಣಿಸಬಹುದು ಎಂಬ ಯೋಚನೆ ಅವನಿಗೆ ಬಂದದ್ದು ಈ ವಯಸ್ಸಿನಲ್ಲೇ. ಮುಂದೆ ಅದೇ ಸಾಪೇಕ್ಷತಾ ಸಿದ್ಧಾಂತದ ಕಡೆಗೆ ಕರೆದೊಯ್ಯಿತು.

1896ರ ಶರತ್ಕಾಲದಲ್ಲಿ ಅಂತಿಮ ಪರೀಕ್ಷೆ ಬಂತು. ಸ್ವಿಟ್ಜರ್ಲೆಂಡಿನಲ್ಲಿ 6 ಅತ್ಯುತ್ತಮ ಅಂಕ. ಆಲ್ಬರ್ಟ್‌ಗೆ ಬೀಜಗಣಿತ, ರೇಖಾಗಣಿತ, ಭೌತಶಾಸ್ತ್ರ ಮತ್ತು ಇತಿಹಾಸದಲ್ಲಿ 6. ಜರ್ಮನ್ ಭಾಷೆಯಲ್ಲಿ 5, ಭೂಗೋಳದಲ್ಲಿ 4, ಫ್ರೆಂಚ್‌ನಲ್ಲಿ 3. ಜರ್ಮನಿಯಲ್ಲಿ ಇದು ತಿರುಗುಮುರುಗು, ಅಲ್ಲಿ 1 ಅತ್ಯುತ್ತಮ. ಅಂಕಪಟ್ಟಿಯನ್ನು ತಪ್ಪಾಗಿ ಓದಿದವರಿಂದ ಫೇಲಾದ ಕಥೆ ಹಬ್ಬಿರಬಹುದು. ಇನ್ನೊಂದು ವಿಷಯ ಓದಿ ನನಗೆ ನಗು ಬಂತು. ತನ್ನ ಮುಂದಿನ ಜೀವನದ ಯೋಜನೆಗಳ ಬಗ್ಗೆ ಅವನು ಪ್ರಬಂಧ ಬರೆಯಬೇಕಾದದ್ದು ಆ ಫ್ರೆಂಚ್ ಪತ್ರಿಕೆಯಲ್ಲೇ! ಗಣಿತ ಮತ್ತು ಭೌತಶಾಸ್ತ್ರ ಓದಿ ಶಿಕ್ಷಕನಾಗುವ ಆಸೆಯನ್ನು ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ, ತಪ್ಪುಗಳ ಜೊತೆಗೆ ಬರೆದ.

ಫ್ರೆಂಚ್‌ನಲ್ಲಿ ಅವನು ಕೊನೆಗೂ ಜಾಣನಾಗಲಿಲ್ಲ. ಆದರೆ ಪ್ರಮಾಣಪತ್ರ ಕೈಗೆ ಬಂತು. 1896ರ ಅಕ್ಟೋಬರ್‌ನಲ್ಲಿ ಅದೇ ಪಾಲಿಟೆಕ್ನಿಕ್ ಅವನನ್ನು ಸೇರಿಸಿಕೊಂಡಿತು, ಈ ಸಲ ಪ್ರವೇಶ ಪರೀಕ್ಷೆ ಇಲ್ಲದೆ. ಆಗ ಅವನಿಗೆ ಹದಿನೇಳೂವರೆ ವರ್ಷ. ಹೆಚ್ಚುಕಡಿಮೆ ನಮ್ಮದೇ ವಯಸ್ಸು.

ಮುಂದಿನ ದಾರಿಯೂ ಸುಲಭವಾಗಿರಲಿಲ್ಲ. ಇಟಲಿಯಲ್ಲೂ ತಂದೆಯ ವ್ಯಾಪಾರ ಮುಳುಗಿತು. ಸಂಬಂಧಿಕರು ತಿಂಗಳಿಗೆ 100 ಫ್ರಾಂಕ್ ಕಳಿಸುತ್ತಿದ್ದರು. ಅದರಲ್ಲೇ 20 ಫ್ರಾಂಕ್ ಉಳಿಸಿ ಸ್ವಿಸ್ ಪೌರತ್ವದ ಶುಲ್ಕಕ್ಕೆ ಕೂಡಿಡುತ್ತಿದ್ದರು. 1900ರಲ್ಲಿ ಪದವಿ ಬಂದರೂ ಕೆಲಸ ಸಿಗಲಿಲ್ಲ. 1902ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರಿ ದೊರೆಯಿತು. ಆ ನೌಕರಿಯಲ್ಲಿದ್ದಾಗಲೇ 1905ರಲ್ಲಿ ಭೌತಶಾಸ್ತ್ರವನ್ನೇ ಬದಲಿಸಿದ ಲೇಖನಗಳನ್ನು ಪ್ರಕಟಿಸಿದರು. 1912ರಲ್ಲಿ ಅವರು ಪ್ರಾಧ್ಯಾಪಕರಾಗಿ ಸೇರಿದ್ದು ಯಾವ ಸಂಸ್ಥೆಗೆ ಗೊತ್ತೇ? ಹದಿನೇಳು ವರ್ಷಗಳ ಹಿಂದೆ ಸೀಟು ಕೊಡದ ಅದೇ ಜ್ಯೂರಿಕ್ ಸಂಸ್ಥೆಗೆ. 1921ನೇ ಸಾಲಿನ ನೊಬೆಲ್ ಪ್ರಶಸ್ತಿಯೂ ಅವರದಾಯಿತು. 1955ರ ಏಪ್ರಿಲ್ 18ರಂದು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡರು.

ನಾವೆಲ್ಲ ಐನ್‌ಸ್ಟೈನ್ ಆಗುತ್ತೇವೆ ಎಂದು ನಾನು ಹೇಳುತ್ತಿಲ್ಲ. ಕೆಟ್ಟ ವರ್ಷ ಬಂದರೆ ಏನೂ ಆಗುವುದಿಲ್ಲ ಎಂದೂ ಹೇಳುವುದಿಲ್ಲ. ಅವರಿಗೂ ಆ ವರ್ಷ ನಷ್ಟವನ್ನೇ ಮಾಡಿತು. ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ವರ್ಷದ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುತ್ತೇವೆ. ಅಳಿಸಲು ಬರುವುದಿಲ್ಲ, ಮುಂದಿನ ವರ್ಷದ ಲಾಭದಿಂದ ತುಂಬಬೇಕು. ಎಷ್ಟು ಕೊರತೆಯಿದೆ, ಎಲ್ಲಿ ಕೊರತೆಯಿದೆ ಎಂದು ಮೊದಲು ತಿಳಿಯಬೇಕು. ಹೆರ್ತ್ಸೋಗ್ ಆ ಹುಡುಗನಿಗೆ ತಿಳಿಸಿದ್ದು ಅದನ್ನೇ. ಅವನು ನಾಚಿಕೆಪಡದೆ ಆ ಕೊರತೆ ತುಂಬಲು ಹೋದ.

ನನ್ನ ಕೊರತೆ ಕನ್ನಡದಲ್ಲಿತ್ತು. ಪಿಯುಸಿಗೆ ಸೇರುವಾಗ ಉರ್ದು ತೆಗೆದುಕೊಳ್ಳಬಹುದಿತ್ತು. ಅಮ್ಮಿ ಅದನ್ನೇ ತೆಗೆದುಕೊಳ್ಳಲು ಹೇಳಿದರು. ನಾನು ಕನ್ನಡ ತೆಗೆದುಕೊಂಡೆ. ಮೊದಲ ಕಿರುಪರೀಕ್ಷೆಯಲ್ಲಿ ಮತ್ತೆ ಫೇಲಾದೆ. ಈಗ ಪಾಸಾಗುತ್ತಿದ್ದೇನೆ, ಆದರೆ ಮೊದಲ ದರ್ಜೆ ಇನ್ನೂ ಬಂದಿಲ್ಲ. ಪದವಿ ಕಾಲೇಜಿನ ಅರ್ಜಿಯ ಜೊತೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಇಡಬೇಕಾಗುತ್ತದೆ ಎಂದು ನೆನೆದರೆ ಈಗಲೂ ಹೆದರಿಕೆ ಆಗುತ್ತದೆ. ಅದರ ಪಕ್ಕದಲ್ಲಿ ಇಡಲು ಈ ಎರಡು ವರ್ಷಗಳಾದರೂ ಇರುತ್ತವೆ.

ಈ ಲೇಖನ ಬರೆದು ನಮ್ಮ ಕನ್ನಡ ಉಪನ್ಯಾಸಕರಿಗೆ ತೋರಿಸಿದೆ. ಕೆಂಪು ಶಾಯಿಯಲ್ಲಿ ಸಾಕಷ್ಟು ತಿದ್ದಿ, ಪತ್ರಿಕೆಗೆ ಕೊಡು ಎಂದರು. ನಮ್ಮ ಕಾಲೇಜಿನಲ್ಲಿ ಕಡಿಮೆ ಅಂಕದಿಂದ ತಲೆ ತಗ್ಗಿಸಿ ಕೂತಿರುವ ತಮ್ಮ ತಂಗಿಯರು ಯಾರಾದರೂ ಇದ್ದರೆ, ನಿಮ್ಮ ಉಪನ್ಯಾಸಕರ ಬಳಿ ಹೋಗಿ ಯಾವುದು ಕೊರತೆ ಎಂದು ಕೇಳಿ. ಕೇಳಲು ನಾಚಿಕೆ ಆಗುತ್ತದೆ, ನನಗೂ ಆಗಿತ್ತು. ಆದರೂ ಕೇಳಿ.