ಸೀಸರ್ ಮಿಲ್‌ಸ್ಟೈನ್

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಗುಡ್ಡಗಳಲ್ಲಿ ಗೇರು ಬೆಳೆಯುವ ಕೃಷಿಕರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿದೆ. ಒಂದೇ ಮರದ ಬೀಜಗಳನ್ನು ಬಿತ್ತಿದರೂ ಹುಟ್ಟುವ ಗಿಡಗಳು ಒಂದೊಂದೂ ಒಂದೊಂದು ಬಗೆ. ಕಸಿ ಕಟ್ಟಿದರೆ ಮಾತ್ರ ತಾಯಿಮರದ ಗುಣವು ಎಲ್ಲ ಗಿಡಗಳಲ್ಲಿಯೂ ಉಳಿಯುತ್ತದೆ. ಜೀವಕೋಶಗಳಿಗೂ ಇಂತಹುದೇ ಒಂದು ಕಸಿಯನ್ನು ಕಟ್ಟಿ ಪ್ರಸಿದ್ಧರಾದವರು ಸೀಸರ್ ಮಿಲ್‌ಸ್ಟೈನ್.

ಅವರು 1927ರ ಅಕ್ಟೋಬರ್ 8ರಂದು ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಬಾಹಿಯಾ ಬ್ಲಾಂಕಾ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಉಕ್ರೇನಿನಿಂದ ವಲಸೆ ಬಂದ ಯೆಹೂದ್ಯರು, ತಾಯಿ ಶಿಕ್ಷಕಿ. ಬ್ಯೂನಸ್ ಐರಿಸ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ವಿದ್ಯಾರ್ಥಿವೇತನವಿರಲಿಲ್ಲ. ಅವರೂ ಪತ್ನಿ ಸೀಲಿಯಾ ಅವರೂ ಅರೆಹೊತ್ತು ದುಡಿದು ಸಂಸಾರವನ್ನು ಸಾಗಿಸಿದರು. ಬಳಿಕ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಸ್ಯಾಂಗರರ ಬಳಿ ಕೆಲಸಮಾಡಿ 1961ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ಮರುವರ್ಷವೇ ಅಲ್ಲಿ ಸೈನ್ಯವು ಸರಕಾರವನ್ನು ಉರುಳಿಸಿತು. ಅವರ ಸಂಸ್ಥೆಯ ನಿರ್ದೇಶಕರನ್ನು ಹೊರಹಾಕಲಾಯಿತು. ಮಿಲ್‌ಸ್ಟೈನರು ರಾಜೀನಾಮೆಯಿತ್ತು 1963ರಲ್ಲಿ ಮತ್ತೆ ಕೇಂಬ್ರಿಜ್ ಸೇರಿದರು. ಅರ್ಜೆಂಟೀನಾಕ್ಕೆ ಆದ ನಷ್ಟ ಅಲ್ಪವಲ್ಲ.

ಅನ್ಯವಸ್ತುವು ದೇಹವನ್ನು ಹೊಕ್ಕಾಗ ಕೆಲವು ಬಿಳಿಯ ರಕ್ತಕಣಗಳು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತವೆ. ಒಂದೊಂದು ಕಣವು ತಯಾರಿಸುವುದು ಒಂದೇ ಬಗೆಯ ಪ್ರತಿಕಾಯವನ್ನು. ಆದುದರಿಂದ ರಕ್ತದಲ್ಲಿ ದೊರೆಯುವುದು ಹಲವು ಬಗೆಗಳ ಮಿಶ್ರಣ. ಬೀಜದ ಗಿಡಗಳ ತೋಟವಿದ್ದಂತೆ. ಒಂದೇ ಕಣವನ್ನು ಬೇರ್ಪಡಿಸಿ ಬೆಳೆಸೋಣವೆಂದರೆ ಅದು ಬೇಗನೆ ಸಾಯುತ್ತದೆ. ಮಜ್ಜೆಯ ಕ್ಯಾನ್ಸರ್ ಕೋಶವಾದರೋ ಗಾಜಿನ ಪಾತ್ರೆಯಲ್ಲಿ ಎಷ್ಟು ಕಾಲವಾದರೂ ಬೆಳೆಯಬಲ್ಲುದು. ಮಿಲ್‌ಸ್ಟೈನರೂ ಜರ್ಮನಿಯ ತರುಣ ವಿಜ್ಞಾನಿ ಜಾರ್ಜ್ ಕೋಲರರೂ ಚಿಕ್ಕ ಇಲಿಯ ಈ ಎರಡು ಬಗೆಯ ಕೋಶಗಳನ್ನು ಬೆಸೆದರು. ಗೇರಿನ ಕಸಿಯಲ್ಲಿ ಬೇರು ಬೇರಾಗಿಯೂ ಕುಡಿ ಕುಡಿಯಾಗಿಯೂ ಉಳಿಯುತ್ತದೆ. ಇಲ್ಲಿ ಎರಡೂ ಕೂಡಿ ಒಂದೇ ಕೋಶವಾಯಿತು.

ಪ್ರಯೋಗಕ್ಕಾಗಿ ಆ ಇಲಿಗೆ ಮೊದಲೇ ಕುರಿಯ ಕೆಂಪು ರಕ್ತಕಣಗಳನ್ನು ಚುಚ್ಚಲಾಗಿತ್ತು. ಒಂದು ಸಂಜೆ ಕೋಲರರು ಪತ್ನಿಯೊಡನೆ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಹೋದರು. ಗಾಜಿನ ತಟ್ಟೆಯಲ್ಲಿ ಹರಡಿದ್ದ ಕುರಿಯ ರಕ್ತಕಣಗಳ ನಡುವೆ, ಬೆಸೆದ ಕೋಶಗಳ ಸುತ್ತಲೂ ತಿಳಿಯಾದ ಉಂಗುರಗಳು ಮೂಡಿದ್ದವು. ಪ್ರತಿಕಾಯದ ಪ್ರಭಾವದಿಂದ ರಕ್ತಕಣಗಳು ಒಡೆದಿದ್ದವು. ಕೋಲರರು ಹರ್ಷದಿಂದ ಕೂಗಿಬಿಟ್ಟರು. 1975ರಲ್ಲಿ ಈ ವಿಧಾನವು ಪ್ರಕಟವಾಯಿತು. ಒಂದೇ ಕೋಶದ ಸಂತತಿಯಿಂದ ದೊರೆಯುವ ಇಂತಹ ಪ್ರತಿಕಾಯಕ್ಕೆ ಮಾನೋಕ್ಲೋನಲ್ ಪ್ರತಿಕಾಯವೆಂದು ಹೆಸರು. ವಿಚಿತ್ರವೆಂದರೆ, ಆಮೇಲೆ ಕೆಲವು ತಿಂಗಳು ಪ್ರಯೋಗವು ಫಲಿಸಲೇ ಇಲ್ಲ. ಬಳಸುತ್ತಿದ್ದ ದ್ರಾವಣವೊಂದು ವಿಷಯುಕ್ತವಾಗಿತ್ತೆಂಬುದು ತಡವಾಗಿ ತಿಳಿಯಿತು.

ಸೂಕ್ಷ್ಮದರ್ಶಕದಲ್ಲಿ ಒಂದೇ ತೆರನಾಗಿ ಕಾಣುವ ಬಿಳಿಯ ಕಣಗಳ ಮೇಲ್ಮೈಯಲ್ಲಿ ಬೇರೆಬೇರೆ ಪ್ರೋಟೀನುಗಳಿರುತ್ತವೆ. 1977ರಲ್ಲಿ ಮಿಲ್‌ಸ್ಟೈನರು ಆಕ್ಸ್‌ಫರ್ಡಿನ ಅಲನ್ ವಿಲಿಯಮ್ಸ್ ಮೊದಲಾದವರೊಡನೆ, ದೊಡ್ಡ ಇಲಿಯ ಬಿಳಿಯ ಕಣಗಳ ಮೇಲ್ಮೈಗೆ ಅಂಟುವ ಮಾನೋಕ್ಲೋನಲ್ ಪ್ರತಿಕಾಯಗಳನ್ನು ತಯಾರಿಸಿದರು. ಅವುಗಳಲ್ಲೊಂದು ಗುರುತಿಸಿದ ಪ್ರೋಟೀನು ಇಂದು ಸಿ.ಡಿ.4 ಎಂದು ಹೆಸರಾಗಿದೆ. ಏಡ್ಸ್ ರೋಗದ ವೈರಸ್ಸು ರಕ್ತಕಣವನ್ನು ಹೊಗುವುದು ಇದೇ ಪ್ರೋಟೀನನ್ನು ಹಿಡಿದುಕೊಂಡು. ಆ ರೋಗಿಗಳ ರಕ್ತದಲ್ಲಿ ಇಂತಹ ಕಣಗಳೆಷ್ಟು ಉಳಿದಿವೆಯೆಂದು ಎಣಿಸುವುದಕ್ಕೂ ಮಾನೋಕ್ಲೋನಲ್ ಪ್ರತಿಕಾಯವೇ ಬೇಕು.

ಈ ವಿಧಾನದ ವಿಷಯವನ್ನು ಬ್ರಿಟನ್ನಿನ ಅಧಿಕಾರಿಗಳಿಗೆ ತಿಳಿಸಲಾಗಿತ್ತು. ಅದರ ಉಪಯೋಗವೇನೆಂಬುದು ಅವರಿಗೆ ಹೊಳೆಯದೆ, ಪೇಟೆಂಟ್ ಪಡೆಯುವ ಕೆಲಸ ನಡೆಯಲಿಲ್ಲ. ಮುಂದೆ ಇದರಿಂದ ಕೋಟ್ಯಂತರ ಹಣದ ಉದ್ಯಮವು ಬೆಳೆಯಿತು. ಮಿಲ್‌ಸ್ಟೈನರು ಮಾತ್ರ ಕೇಳಿದ ವಿಜ್ಞಾನಿಗಳಿಗೆ ತಮ್ಮ ಕೋಶಗಳನ್ನು ಬೆಲೆಯಿಲ್ಲದೆ ಕಳುಹಿಸಿಕೊಟ್ಟರು. 1984ರಲ್ಲಿ ಅವರಿಗೂ ಕೋಲರರಿಗೂ ನೀಲ್ಸ್ ಜೆರ್ನೆ ಅವರಿಗೂ ನೊಬೆಲ್ ಪಾರಿತೋಷಕವು ಲಭಿಸಿತು. 2002ರ ಮಾರ್ಚ್ 24ರಂದು ಮಿಲ್‌ಸ್ಟೈನರು ಕೇಂಬ್ರಿಜ್‌ನಲ್ಲಿ ನಿಧನರಾದರು. ಅವರು ಹಂಚಿದ ಕ್ಯಾನ್ಸರ್ ಕೋಶಗಳ ಸಂತತಿಯು ಲೋಕದ ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಯುತ್ತಿದೆ.