ಆರ್ಥರ್ ಗ್ರೈಸರ್

ಆರ್ಥರ್ ಗ್ರೈಸರ್ (ಜನವರಿ 22, 1897 – ಜುಲೈ 21, 1946) ನಾಜಿ ಜರ್ಮನಿಯ ರಾಜಕಾರಣಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯು ತನ್ನೊಳಗೆ ಸೇರಿಸಿಕೊಂಡ ಪಶ್ಚಿಮ ಪೋಲೆಂಡಿನ ವಾರ್ಥೆಲಾಂಡ್ ಪ್ರಾಂತ್ಯಕ್ಕೆ ಈತನು ರಾಜ್ಯಪಾಲನೂ ಪಕ್ಷದ ಪ್ರಾಂತೀಯ ಮುಖ್ಯಸ್ಥನೂ (ಗೌಲೈಟರ್) ಆಗಿದ್ದನು.

ಅಂದಿನ ಪ್ರಷ್ಯಾದ ಪೋಸೆನ್ ಪ್ರಾಂತ್ಯದ ಶ್ರೋಡಾದಲ್ಲಿ ಜನಿಸಿದ ಗ್ರೈಸರ್, ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದನು. 1929ರಲ್ಲಿ ನಾಜಿ ಪಕ್ಷವನ್ನು ಸೇರಿ, 1934ರಲ್ಲಿ ಡಾನ್ಜಿಗ್ ಮುಕ್ತ ನಗರದ ಸೆನೆಟ್ ಅಧ್ಯಕ್ಷನಾದನು.

1939ರಲ್ಲಿ ವಾರ್ಥೆಲಾಂಡಿನ ಆಡಳಿತವು ಈತನ ಕೈಸೇರಿತು. ಆ ನೆಲವನ್ನು ಸಂಪೂರ್ಣ ಜರ್ಮನ್ ಪ್ರದೇಶವನ್ನಾಗಿಸಲು ಲಕ್ಷಾಂತರ ಪೋಲಿಷ್ ಜನರನ್ನು ಮನೆಗಳಿಂದ ಹೊರದೂಡಲಾಯಿತು. ಬಹುಪಾಲು ಚರ್ಚುಗಳನ್ನು ಮುಚ್ಚಲಾಯಿತು. ಯಹೂದಿಗಳನ್ನು ಲೋಡ್ಜ್ ಮೊದಲಾದ ಕಡೆಗಳ ಘೆಟ್ಟೊಗಳಲ್ಲಿ ಕೂಡಿಹಾಕಲಾಯಿತು. 1941ರ ಡಿಸೆಂಬರಿನಲ್ಲಿ ಇದೇ ಪ್ರಾಂತ್ಯದ ಹೆಲ್ಮ್ನೊ ಶಿಬಿರದಲ್ಲಿ ಮುಚ್ಚಿದ ವಾಹನಗಳಿಗೆ ವಿಷಾನಿಲ ಹಾಯಿಸಿ ಕೊಲ್ಲುವುದು ಆರಂಭವಾಯಿತು. ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹತರಾದರು. ಅವರಲ್ಲಿ ಬಹುತೇಕರು ಯಹೂದಿಗಳು.

1945ರ ಜನವರಿಯಲ್ಲಿ ಸೋವಿಯತ್ ಸೇನೆ ಸಮೀಪಿಸಿದಾಗ ಗ್ರೈಸರ್ ಪಲಾಯನ ಮಾಡಿದನು. ಅವನನ್ನು ಸೆರೆಹಿಡಿದ ಅಮೆರಿಕನ್ನರು ಪೋಲೆಂಡಿಗೆ ಒಪ್ಪಿಸಿದರು. ತಾನು ಮೇಲಿನವರ ಆಜ್ಞೆಯನ್ನಷ್ಟೇ ಪಾಲಿಸಿದೆನೆಂದು ಅವನು ವಿಚಾರಣೆಯಲ್ಲಿ ವಾದಿಸಿದನು. ಆದರೆ 1942ರ ಮೇ ತಿಂಗಳಲ್ಲಿ, ಕ್ಷಯರೋಗವಿದ್ದ ಪೋಲಿಷ್ ಜನರನ್ನೂ ಕೊಲ್ಲಿಸಲು ಅನುಮತಿ ಕೋರಿ ಹಿಮ್ಲರನಿಗೆ ಪತ್ರ ಬರೆದವನು ಅವನೇ. ನ್ಯಾಯಾಲಯವು ಅವನ ವಾದವನ್ನು ತಳ್ಳಿಹಾಕಿ ಮರಣದಂಡನೆ ವಿಧಿಸಿತು. ಪೋಜ್ನಾನ್ ನಗರದಲ್ಲಿ ಜನಸಮೂಹದ ಎದುರು ಅವನನ್ನು ಗಲ್ಲಿಗೇರಿಸಲಾಯಿತು.